ಸ್ಕ್ಯಾನ್ ನೋಡಿ ಮಾತ್ರೆಯ ಫಲ ಹೇಳಬಹುದೇ?

ಪ್ರಶ್ನೆ: ಏಳು ವರ್ಷದ ಮಗನಿಗೆ ಮೂರ್ಛೆರೋಗ. ಎಂಆರ್‌ಐ ನಾರ್ಮಲ್ ಬಂದಿದೆ. ಮಾತ್ರೆಯಿಂದ ಫಿಟ್ಸ್ ಖಂಡಿತ ನಿಲ್ಲುತ್ತದೆಯೇ ಡಾಕ್ಟ್ರೇ?

ಉತ್ತರ: ಖಂಡಿತ ಎನ್ನಲಾಗದು ತಾಯಿ, ಆದರೆ ಭರವಸೆಗೆ ಕಾರಣವಿದೆ. ಮಿದುಳಿನ ಹೊರಪದರ ಗರ್ಭದಲ್ಲೇ ಸರಿಯಾಗಿ ರೂಪುಗೊಳ್ಳದಿದ್ದರೆ ಅಥವಾ ಹಿಪೊಕ್ಯಾಂಪಸ್ ಭಾಗ ಕಲೆಗಟ್ಟಿದ್ದರೆ ಫಿಟ್ಸ್ ಮಾತ್ರೆಗೆ ಬಗ್ಗದಿರುವ ಸಂಭವ ಹೆಚ್ಚು. ನಿಮ್ಮ ಮಗನಲ್ಲಿ ಅಂಥದ್ದು ಕಂಡಿಲ್ಲ. ಆದರೂ ತೀರಾ ಸಣ್ಣ ದೋಷಗಳು ಸ್ಕ್ಯಾನ್‌ನಲ್ಲಿ ತಪ್ಪಿಹೋಗುವುದುಂಟು.

ಯಾವ ಮಾತ್ರೆ ಎಂಬುದನ್ನು ಮುಖ್ಯವಾಗಿ ಫಿಟ್ಸ್‌ನ ಬಗೆ, ಇಇಜಿ, ವಯಸ್ಸು ನೋಡಿ ನಿರ್ಧರಿಸುತ್ತಾರೆ. ಸರಿಯಾಗಿ ಆರಿಸಿದ 2 ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಹತೋಟಿಗೆ ಬರದಿದ್ದರೆ ಕಾಯುತ್ತ ಕೂರಬೇಡಿ. ನಿಮ್ಹಾನ್ಸ್‌ನಂಥ ಕೇಂದ್ರದಲ್ಲಿ ಮರುಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿ. ಫಿಟ್ಸ್ ಬಂದರೆ ವಿಡಿಯೊ ಮಾಡಿಟ್ಟುಕೊಳ್ಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.