ಕಣ್ಣಿಗೆ ಹಾಕುವ ಹನಿ

ಹೊಸ ಪದಗಳು: ಹನಿ, ಮುಲಾಮು, ಸೋಂಕು, ಹುಣ್ಣು, ಪೊರೆ, ಒತ್ತಡ, ಸ್ಟಿರಾಯ್ಡ್



ನಿಮ್ಮ ಮನೆಯ ಮಾಡದಲ್ಲಿ ಕಣ್ಣಿಗೆ ಹಾಕುವ ಸಣ್ಣ ಬಾಟಲಿ ಇದೆಯೇ? ಇದ್ದರೆ ಕೈಯಲ್ಲಿ ಹಿಡಿದು ನೋಡಿ. ಅದು ಯಾರಿಗೆ ತಂದದ್ದು? ಯಾವ ಬೇನೆಗೆ ತಂದದ್ದು? ಯಾವಾಗ ತೆರೆದದ್ದು?

ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಆ ಹನಿಯನ್ನು ಯಾರ ಕಣ್ಣಿಗೂ ಹಾಕಬಾರದು. ಏಕೆ? ಈ ಪಾಠದಲ್ಲಿ ಓದೋಣ.

ಎಲ್ಲ ಕೆಂಪು ಕಣ್ಣೂ ಒಂದೇ ಅಲ್ಲ

ಹೊಟ್ಟೆ ನೋಯುತ್ತದೆ. ಅದು ಅಜೀರ್ಣದ ನೋವು ಇರಬಹುದು. ಹೆರಿಗೆಯ ನೋವೂ ಇರಬಹುದು. ಎರಡಕ್ಕೂ ಒಂದೇ ಔಷಧ ಕೊಡುತ್ತೇವೆಯೇ? ಇಲ್ಲ.

ಕಣ್ಣಿನ ಮಾತೂ ಹಾಗೆಯೇ. ಕಣ್ಣು ಕೆಂಪಾಗಲು ಹಲವು ಕಾರಣ. ಧೂಳು ಬಿದ್ದರೆ ಕೆಂಪು. ಸೋಂಕು ತಗುಲಿದರೆ ಕೆಂಪು. ಕಡ್ಡಿ ಚುಚ್ಚಿದರೆ ಕೆಂಪು. ಕಣ್ಣಿನ ಒಳಗಿನ ಒತ್ತಡ ಒಮ್ಮೆಲೆ ಏರಿದರೂ ಕೆಂಪು. ಹೊರಗಿನಿಂದ ನೋಡಲು ಎಲ್ಲವೂ ಒಂದೇ ತರಹ ಕಾಣುತ್ತವೆ. ಆದರೆ ಔಷಧ ಬೇರೆ ಬೇರೆ. ಒಂದಕ್ಕೆ ಗುಣ ಕೊಡುವ ಹನಿ ಇನ್ನೊಂದಕ್ಕೆ ವಿಷವಾಗಬಹುದು.

ಕಣ್ಣು ಬೇನೆ

2023ರ ಜುಲೈ ತಿಂಗಳು. ಮಳೆಗಾಲ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಣ್ಣು ಬೇನೆ ಹರಡಿತು. ಶಾಲೆಯ ಮಕ್ಕಳಿಗೆ ಬಂತು. ಮಕ್ಕಳಿಂದ ಮನೆಯವರಿಗೆ ಬಂತು. ಇದಕ್ಕೆ 'ಮದ್ರಾಸ್ ಐ' ಅಂತಲೂ ಅನ್ನುತ್ತಾರೆ.

ಕಣ್ಣು ಬೇನೆಯಲ್ಲಿ ಎರಡು ಬಗೆ. ಒಂದು, ವೈರಸ್‌ನಿಂದ ಬರುವುದು. ಇದರಲ್ಲಿ ಹೆಚ್ಚಾಗಿ ನೀರು ಸುರಿಯುತ್ತದೆ. ಒಂದು ಅಥವಾ ಎರಡು ವಾರದಲ್ಲಿ ತಾನಾಗಿ ಕಡಿಮೆ ಆಗುತ್ತದೆ. ಇನ್ನೊಂದು, ಬ್ಯಾಕ್ಟೀರಿಯಾ ಎಂಬ ಸಣ್ಣ ಜೀವಿಯಿಂದ ಬರುವುದು. ಇದರಲ್ಲಿ ಗಟ್ಟಿ ಗೀಜು ಬರುತ್ತದೆ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತವೆ. ಇದಕ್ಕೆ ವೈದ್ಯರು ಆಂಟಿಬಯೋಟಿಕ್ ಹನಿ ಅಥವಾ ಮುಲಾಮು ಬರೆದುಕೊಡುತ್ತಾರೆ. ಸಿಪ್ರೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಇಂಥ ಔಷಧಗಳು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ವೈರಸ್ಸನ್ನು ಕೊಲ್ಲುವುದಿಲ್ಲ.

ಎರಡೂ ಬಗೆಗೆ ಸ್ವಚ್ಛತೆ ಬೇಕೇ ಬೇಕು. ಕುದಿಸಿ ಆರಿಸಿದ ನೀರಿನಲ್ಲಿ ಅರಳೆ ಅಥವಾ ಸ್ವಚ್ಛ ಅರಿವೆ ಅದ್ದಿ ಗೀಜು ಒರೆಸಿ. ಕೈ ಸಾಬೂನಿನಿಂದ ತೊಳೆಯಿರಿ. ಬೇನೆ ಇದ್ದವರ ಟವೆಲ್, ದಿಂಬು ಬೇರೆ ಇಡಿ. ಸೆರಗಿನಿಂದ ಒಂದು ಮಗುವಿನ ಕಣ್ಣು ಒರೆಸಿ, ಅದೇ ಸೆರಗಿನಿಂದ ಇನ್ನೊಂದು ಮಗುವಿನ ಕಣ್ಣು ಒರೆಸಬೇಡಿ. ಬೇನೆ ದಾಟುವುದೇ ಹಾಗೆ.

ಹುಟ್ಟಿದ ಕೂಸಿನ ಕಣ್ಣಿನಲ್ಲಿ ಕೀವಿನಂಥ ಗೀಜು ಕಂಡರೆ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಹೊಲದಲ್ಲಿ ಕಣ್ಣಿಗೆ ಪೆಟ್ಟು

ನಮ್ಮ ದೇವಿಕೊಪ್ಪದ ಸುತ್ತ, ಕಲಘಟಗಿ ತಾಲೂಕಿನಲ್ಲೆಲ್ಲ, ಭತ್ತ, ಗೋವಿನಜೋಳ, ಹತ್ತಿ ಬೆಳೆಯುತ್ತಾರೆ. ಕೊಯ್ಲಿನಲ್ಲಿ ಹೆಣ್ಣುಮಕ್ಕಳ ಕೈ ಎಲ್ಲರಿಗಿಂತ ಮುಂದೆ. ಗೋವಿನಜೋಳದ ಗರಿ ಕಣ್ಣಿಗೆ ಬಡಿಯುತ್ತದೆ. ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತದೆ. 'ಏನಾಗಂಗಿಲ್ಲ ಬಿಡು' ಅಂತ ಕಣ್ಣು ತಿಕ್ಕಿಕೊಂಡು ಕೆಲಸ ಮುಂದುವರಿಸುತ್ತೇವೆ.

ಕರಿಗುಡ್ಡೆಯ ಮೇಲೆ ಗಾಜಿನಂಥ ತೆಳು ಪದರ ಇದೆ. ಗರಿ ತಾಗಿದರೆ ಅದು ಗೀರುತ್ತದೆ. ಹಳಸಿದ ರೊಟ್ಟಿಯ ಮೇಲೆ ಬೂಸ್ಟು ಬರುವುದನ್ನು ನೋಡಿದ್ದೀರಲ್ಲ? ಅಂಥದೇ ಬೂಸ್ಟು ಬೆಳೆಯ ಎಲೆ, ಹೊಟ್ಟಿನ ಮೇಲೂ ಇರುತ್ತದೆ. ಗೀರಿದ ಜಾಗದಲ್ಲಿ ಅದು ಹೊಕ್ಕು ಬೆಳೆಯುತ್ತದೆ. ಅಲ್ಲಿ ಹುಣ್ಣು ಆಗುತ್ತದೆ. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯಬಹುದು. 'ಕಣ್ಣಾಗ ಹೂ ಬಿದ್ದೈತಿ' ಅಂತ ನಾವು ಅನ್ನುವುದು ಇದಕ್ಕೇ. ಹೂ ನಟ್ಟನಡುವೆ ಬಿದ್ದರೆ ಆ ಕಣ್ಣಿನ ನೋಟ ಹೋದಂತೆಯೇ.

ಬೂಸ್ಟಿನ ಹುಣ್ಣಿಗೆ ನಟಾಮೈಸಿನ್ ಎಂಬ ಹನಿ ಇದೆ. ಮೊದಮೊದಲು ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ವಾರಗಟ್ಟಲೆ ಹಾಕಬೇಕಾಗುತ್ತದೆ. ಬೇಗ ಹೋದರೆ ಕಣ್ಣು ಉಳಿಯುತ್ತದೆ. ತಡ ಮಾಡಿದರೆ ಕಷ್ಟ.

ಮೋಸ ಮಾಡುವ ಹನಿ

ಸ್ಟಿರಾಯ್ಡ್ ಎಂಬ ಬಗೆಯ ಹನಿ ಇದೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಇವು ಸ್ಟಿರಾಯ್ಡ್‌ಗಳು. ಹೆಸರು ಉದ್ದ. ನಿಧಾನವಾಗಿ ಬಿಡಿಸಿ ಓದಿ: ಡೆಕ್ಸಾ - ಮೆಥಾ - ಸೋನ್. ಪ್ರೆಡ್ನಿ - ಸೋಲೋನ್.

ಇವು ಕೆಟ್ಟ ಔಷಧ ಅಲ್ಲ. ಪೊರೆ ತೆಗೆದ ಮೇಲೆ ವೈದ್ಯರು ಇವನ್ನು ಕೊಡುತ್ತಾರೆ. ಬಾವು ಇಳಿಸುತ್ತವೆ. ಕೆಂಪು ಬೇಗ ಹೋಗುತ್ತದೆ. ಮೋಸ ಇರುವುದು ಅಲ್ಲೇ. ಕಣ್ಣಿನಲ್ಲಿ ಬೂಸ್ಟಿನ ಹುಣ್ಣು ಇದ್ದಾಗ ಈ ಹನಿ ಹಾಕಿದರೆ ಕೆಂಪು ಕಡಿಮೆ ಆಗುತ್ತದೆ. ನೋವೂ ತುಸು ಕಡಿಮೆ ಆಗುತ್ತದೆ. ಗುಣ ಆಯಿತು ಅಂದುಕೊಳ್ಳುತ್ತೇವೆ. ಒಳಗೆ ಹುಣ್ಣು ದೊಡ್ಡದಾಗುತ್ತಾ ಹೋಗುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ. ಪೊರೆಯೂ ಬರಬಹುದು. ಬೇಸಗೆಯಲ್ಲಿ ಮಕ್ಕಳ ಕಣ್ಣು ತುರಿಸುತ್ತದೆ ಅಂತ ಇದನ್ನೇ ಮತ್ತೆ ಮತ್ತೆ ತಂದು ಹಾಕುವವರು ಇದ್ದಾರೆ. ಹಾಗೆ ಮಾಡಬಾರದು.

ಈಗ ಅತ್ತೆ ಸೊಸೆಯ ಮಾತು ಓದಿರಿ. ಇಬ್ಬರು ಕೂಡಿ ಗಟ್ಟಿಯಾಗಿ ಓದಿರಿ.

ಅತ್ತೆ: ಯವ್ವಾ, ನಿನ್ನೆ ಗೋವಿನಜೋಳದ ಗರಿ ಕಣ್ಣಿಗೆ ಬಡೀತು. ಕಣ್ಣು ಚುಳುಚುಳು ಅಂತೈತಿ. ಮಾಡದಾಗಿನ ಬಾಟ್ಲಿ ಕೊಡು.

ಸೊಸೆ: ಅದು ಬ್ಯಾಡ್ರೀ ಅತ್ತಿ. ಮಾವಾರಿಗೆ ಪೊರೆ ತೆಗೆದಾಗ ಕೊಟ್ಟದ್ದು ಅದು.

ಅತ್ತೆ: ಕಣ್ಣಿಂದ ಹೌದಲ್ಲ? ಅವರಿಗೆ ಆರಾಮ ಆತು. ನನಗ ಯಾಕ ಆಗಂಗಿಲ್ಲ?

ಸೊಸೆ: ಅವರ ಬ್ಯಾನಿನ ಬ್ಯಾರೆ, ನಿಮ್ಮ ಬ್ಯಾನಿನ ಬ್ಯಾರೆ ರೀ. ಇದರ ಮ್ಯಾಲೆ ಕೆಂಪು ಗೆರಿ ಐತಿ ನೋಡ್ರಿ. ಡಾಕ್ಟರ ಚೀಟಿ ಇಲ್ಲದ ಹಾಕಬಾರದು.

ಅತ್ತೆ: ಹಂಗಾರ ಒಂದೀಟು ಎದಿಹಾಲು ಹಾಕ್ಲೇನು? ನಮ್ಮವ್ವ ಅದನ್ನ ಹಾಕ್ತಿದ್ಲು.

ಸೊಸೆ: ಎದಿಹಾಲು ಕೂಸಿನ ಬಾಯಿಗೆ ರೀ, ಕಣ್ಣಿಗಲ್ಲ. ತೊಪ್ಪಲ ರಸಾನೂ ಬ್ಯಾಡ, ಔಡಲೆಣ್ಣಿನೂ ಬ್ಯಾಡ. ಗೀರಿದ ಕಣ್ಣಿಗೆ ಅದ ಹೊಲಸು ಆಗತೈತಿ.

ಅತ್ತೆ: ಇವತ್ತು ಕೊಯ್ಲು ಐತಲ್ಲವ್ವ. ನಾಳೆ ಹೋದರಾತು.

ಸೊಸೆ: ಕೊಯ್ಲು ನಾಳೆನೂ ಇರತೈತಿ. ಕಣ್ಣು ಹೋದರ ಬರಂಗಿಲ್ಲ. ನಡೀರಿ, ಹತ್ತರ ಬಸ್ಸಿಗೆ ಹೋಗೂಣು.

ಸೊಸೆ ಹೇಳಿದ್ದು ಸರಿ. ಮೊದಲು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಅಥವಾ ಕಲಘಟಗಿಯ ತಾಲೂಕು ಆಸ್ಪತ್ರೆಗೆ ಹೋಗಬೇಕು. ಹುಣ್ಣು ಇದ್ದರೆ ಹುಬ್ಬಳ್ಳಿಗೆ ಕಳಿಸುತ್ತಾರೆ. ಕಿಮ್ಸ್ ಅಂತ ನಾವೆಲ್ಲ ಕರೆಯುವ ಸರಕಾರಿ ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದರಲ್ಲಿ ಸರಕಾರಿ ಬಸ್ಸಿನ ಪ್ರಯಾಣಕ್ಕೆ ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಹೋಗಿ ಬರುವ ಖರ್ಚಿಗೆ ಹೆದರಿ ಕಣ್ಣು ಕಳೆದುಕೊಳ್ಳುವುದು ಬೇಡ.

ಪೊರೆಗೆ ಹನಿ ಇಲ್ಲ

ವಯಸ್ಸಾದವರಿಗೆ ಕಣ್ಣು ಮಂಜಾಗುತ್ತದೆ. ಇದು ಪೊರೆ. ಮೋತಿಬಿಂದು ಅಂತಲೂ ಅನ್ನುತ್ತಾರೆ. ಪೊರೆಯನ್ನು ಕರಗಿಸುವ ಹನಿ ಇಲ್ಲ. ಯಾರಾದರೂ 'ಈ ಹನಿ ಹಾಕಿದರೆ ಪೊರೆ ಕರಗುತ್ತದೆ' ಅಂತ ಮಾರಿದರೆ ಕೊಳ್ಳಬೇಡಿ. ಪೊರೆಗೆ ಶಸ್ತ್ರಚಿಕಿತ್ಸೆ ಒಂದೇ ದಾರಿ. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ (1916-2005) ಅವರ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರಬಹುದು. ಅವರು ಊರೂರಿಗೆ ಹೋಗಿ ಉಚಿತ ಕಣ್ಣಿನ ಶಿಬಿರ ನಡೆಸಿದರು. ಸಾವಿರಾರು ಬಡವರ ಪೊರೆ ತೆಗೆದರು. ಹನಿ ಹಾಕಿ ಕರಗಿಸಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆದರು.

ಬಿಡಬಾರದ ಹನಿ

ಇನ್ನೊಂದು ಬೇನೆ ಗ್ಲಾಕೋಮಾ. ಇದರಲ್ಲಿ ಹೆಚ್ಚಾಗಿ ಕಣ್ಣಿನ ಒಳಗಿನ ಒತ್ತಡ ಏರಿರುತ್ತದೆ. ಬಹಳ ಮಂದಿಗೆ ನೋವು ಇರುವುದಿಲ್ಲ. ನೋಟ ಅಂಚಿನಿಂದ ಮೆಲ್ಲಗೆ ಕಡಿಮೆ ಆಗುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಕಾಯಬಹುದು. ಅದಕ್ಕೆ ದಿನಾಲೂ ಹನಿ ಹಾಕಬೇಕು. ಟಿಮೊಲಾಲ್ ಅಂಥದೊಂದು ಹನಿ. ದಮ್ಮಿನ ಬೇನೆ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಟಿಮೊಲಾಲ್‌ನಿಂದ ದಮ್ಮು ಹೆಚ್ಚಾಗಬಹುದು.

'ಹನಿ ಹಾಕಿದರೂ ಕಣ್ಣು ಚಲೋ ಕಾಣವಲ್ದು' ಅಂತ ಈ ಹನಿ ಬಿಡಬಾರದು. ಕಣ್ಣು ಚಲೋ ಕಾಣಲಿ ಅಂತ ಈ ಹನಿ ಅಲ್ಲ. ಇನ್ನಷ್ಟು ಕೆಡದಿರಲಿ ಅಂತ ಈ ಹನಿ.

ಮೊದಲ ಔಷಧ ನೀರು

ಮಗು ಸುಣ್ಣದ ಡಬ್ಬಿ ಒತ್ತಿ ಕಣ್ಣಿಗೆ ಸುಣ್ಣ ಸಿಡಿಯಿತು. ಹತ್ತಿಗೆ ಹೊಡೆಯುವ ಎಣ್ಣೆ ಕಣ್ಣಿಗೆ ಹಾರಿತು. ಆಗ ಹನಿ ಹುಡುಕಬೇಡಿ. ಕೂಡಲೇ ಸ್ವಚ್ಛ ನೀರು ಸುರಿಯಿರಿ. ರೆಪ್ಪೆ ಬಿಡಿಸಿ ಹಿಡಿದು, ಅರ್ಧ ಗಂಟೆ ಸುರಿಯಿರಿ. ಆಮೇಲೆ ಆಸ್ಪತ್ರೆಗೆ ಓಡಿ.

ಹನಿ ಹಾಕುವ ರೀತಿ

1. ಕೈ ಸಾಬೂನಿನಿಂದ ತೊಳೆಯಿರಿ.
2. ಬಾಟಲಿಯ ಮೇಲಿನ ತಿಂಗಳು, ವರ್ಷ ಓದಿ. ಅವಧಿ ಮುಗಿದಿದ್ದರೆ ಹಾಕಬೇಡಿ.
3. ತಲೆ ಹಿಂದಕ್ಕೆ ಬಾಗಿಸಿ. ಕೆಳಗಿನ ರೆಪ್ಪೆ ಕೆಳಕ್ಕೆ ಎಳೆಯಿರಿ. ಅಲ್ಲಿ ಸಣ್ಣ ಚೀಲದಂತೆ ಆಗುತ್ತದೆ.
4. ಅದರಲ್ಲಿ ಒಂದೇ ಹನಿ ಹಾಕಿ. ಬಾಟಲಿಯ ತುದಿ ಕಣ್ಣಿಗೆ, ಬೆರಳಿಗೆ ತಾಗಬಾರದು.
5. ಕಣ್ಣು ಮುಚ್ಚಿ. ಮೂಗಿನ ಕಡೆಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ. ಹನಿ ಗಂಟಲಿಗೆ ಇಳಿಯುವುದಿಲ್ಲ.
6. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ. ಮುಲಾಮು ಇದ್ದರೆ ಕೊನೆಗೆ ಹಚ್ಚಿ.

ನಮ್ಮ ಅಕ್ಷರ, ನಮ್ಮ ಚೀಟಿ

ಬಾಟಲಿಯ ಮೇಲೆ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ಕಿವಿಯ ಹನಿಯ ಬಾಟಲಿಯೂ ಕಣ್ಣಿನ ಹನಿಯ ಬಾಟಲಿಯೂ ಒಂದೇ ತರಹ ಕಾಣುತ್ತವೆ. ಕಿವಿಯ ಹನಿ ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಔಷಧ ಅಂಗಡಿಯವರನ್ನು ಕೇಳಿ: 'ಇದು ಯಾವುದಕ್ಕೆ? ದಿನಕ್ಕೆ ಎಷ್ಟು ಸಲ? ಎಷ್ಟು ದಿನ?' ಕೇಳಲು ನಾಚಿಕೆ ಬೇಡ. ಮನೆಗೆ ಬಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಿರಿ. ಬಾಟಲಿಗೆ ಅಂಟಿಸಿ. ಹೀಗೆ:

ಅತ್ತೆಯ ಔಷಧ. ಬಲಗಣ್ಣಿಗೆ.
ದಿನಕ್ಕೆ 4 ಸಲ. 7 ದಿನ.
ತೆರೆದ ದಿನ: 10 ಆಗಸ್ಟ್
ಚೆಲ್ಲುವ ದಿನ: 7 ಸೆಪ್ಟೆಂಬರ್

ಒಮ್ಮೆ ತೆರೆದ ಬಾಟಲಿಯನ್ನು ಸಾಮಾನ್ಯವಾಗಿ 28 ದಿನದ ಮೇಲೆ ಬಳಸಬಾರದು. ಹನಿ ಉಳಿದಿದ್ದರೂ ಚೆಲ್ಲಬೇಕು. ಗ್ಲಾಕೋಮಾದಂಥ ಬೇನೆಗೆ ದಿನಾಲೂ ಹಾಕುವವರು ಹೊಸ ಬಾಟಲಿ ತರಬೇಕು.

ಅಭ್ಯಾಸ

ಅ) ಖಾಲಿ ಜಾಗ ತುಂಬಿರಿ.
1. ಪೊರೆಗೆ ________ ಒಂದೇ ದಾರಿ.
2. ಬೂಸ್ಟಿನ ಹುಣ್ಣಿಗೆ ಹಾಕುವ ಹನಿ ________.
3. ಸುಣ್ಣ ಕಣ್ಣಿಗೆ ಬಿದ್ದರೆ ಮೊದಲು ________ ಸುರಿಯಬೇಕು.

ಆ) ಸರಿಯೋ ತಪ್ಪೋ ಹೇಳಿರಿ.
1. ಕೆಂಪು ಕಡಿಮೆ ಆದರೆ ಕಣ್ಣು ಗುಣ ಆಯಿತು ಅಂತಲೇ ಅರ್ಥ.
2. ಕಣ್ಣು ನೋಯದಿದ್ದರೆ ಗ್ಲಾಕೋಮಾದ ಹನಿ ಬಿಡಬಹುದು.
3. ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೆ ಕಣ್ಣು ಬೇನೆ ದಾಟುತ್ತದೆ.

ಇ) ಕೂಡಿ ಮಾತಾಡಿರಿ.
ಅತ್ತೆ 'ನಾಳೆ ಹೋದರಾತು' ಅಂದಳು. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಬೇನೆಗೆ 'ನಾಳೆ' ಅನ್ನುವವರು ಯಾರು? ಏಕೆ?

ಈ) ಮನೆಗೆಲಸ.
ಮನೆಯಲ್ಲಿರುವ ಕಣ್ಣಿನ ಹನಿಗಳನ್ನೆಲ್ಲ ಒಂದು ಕಡೆ ಇಡಿ. ಅವಧಿ ಮುಗಿದದ್ದು, ಯಾರದೆಂದು ಗೊತ್ತಿಲ್ಲದ್ದು ಬೇರೆ ತೆಗೆಯಿರಿ. ಮಕ್ಕಳ ಕೈಗೆ ಸಿಗದಂತೆ ಚೆಲ್ಲಿರಿ. ಉಳಿದದ್ದಕ್ಕೆ ಚೀಟಿ ಬರೆದು ಅಂಟಿಸಿರಿ. ಬರೆದ ಚೀಟಿಯನ್ನು ನಾಳೆ ತರಗತಿಯಲ್ಲಿ ಓದಿ ಹೇಳಿರಿ.