ಹಸಿದಾಗ ಒಂದಾಗುವ ಜೀವಿಗಳು

ಹಲಗೂರಿನಿಂದ ಮುತ್ತತ್ತಿಗೆ ಹೋಗುವ ಕಾಡುದಾರಿಯಲ್ಲಿ ತರಗೆಲೆಗಳನ್ನು ಸರಿಸಿದರೆ ಹಸಿಯಾದ ಕರಿಮಣ್ಣು ಕಾಣುವುದು. ಇಂಥ ಮಣ್ಣೇ ಲೋಳೆಬೂಷ್ಟುಗಳ ಮನೆ. ಹಿಂದಿನ ಶಾಸ್ತ್ರಜ್ಞರು ಅಣಬೆಗಳ ವರ್ಗದಲ್ಲಿ ಸೇರಿಸಿದ್ದುದರಿಂದ ಈ ಹೆಸರು ಬಂದಿತೇ ಹೊರತು ಇವು ನಿಜವಾಗಿ ಬೂಷ್ಟಲ್ಲ.

ಇವುಗಳಲ್ಲಿ ಡಿಕ್ಟಿಯೋಸ್ಟೀಲಿಯಮ್ ಎಂಬುದರ ನಡತೆ ಬಲು ವಿಚಿತ್ರವಾದುದು. ಆಹಾರವಿರುವವರೆಗೆ ಪ್ರತಿಯೊಂದು ಜೀವಕಣವೂ ಅಮೀಬದಂತೆ ಒಂಟಿಯಾಗಿ ತೆವಳುತ್ತ, ಬ್ಯಾಕ್ಟೀರಿಯಗಳನ್ನು ನುಂಗುತ್ತ, ಎರಡಾಗಿ ಒಡೆದು ಹೆಚ್ಚುತ್ತಿರುವುದು. ಆಹಾರ ತೀರಿತೋ, ಕೆಲವು ಕಣಗಳು ಒಂದು ರಾಸಾಯನಿಕ ದ್ರವ್ಯವನ್ನು ನಿಮಿಷಗಳ ಅಂತರದಲ್ಲಿ ಮತ್ತೆ ಮತ್ತೆ ಸೂಸುವುವು. ಅದೇ ಕರೆಘಂಟೆ. ನೆರೆಯ ಕಣಗಳು ತಾವೂ ಅದನ್ನು ಸೂಸುತ್ತ, ಕರೆ ಬಂದ ಕಡೆಗೆ ಹರಿಯುವುವು. ಹೀಗೆ ಲಕ್ಷದವರೆಗೆ ಕಣಗಳು ಕೂಡಿ, ಕೆಲವೇ ಮಿಲಿಮೀಟರ್ ಉದ್ದದ ಒಂದು ಹುಳುವಿನಂತಾಗಿ ಬೆಳಕಿನ ಕಡೆಗೆ ಸಾಗುವುವು. ಕಡೆಗೆ ಐದರಲ್ಲೊಂದು ಪಾಲು ಸತ್ತು ಕಾಂಡವಾಗುವುದು. ಉಳಿದವು ಅದರ ತುದಿಯಲ್ಲಿ ಬೀಜಾಣುಗಳಾಗಿ, ಹಾದುಹೋಗುವ ಹುಳುಹುಪ್ಪಟೆಗಳಿಗಂಟಿ ಹೊಸ ನೆಲ ಸೇರಬಲ್ಲವು.

ಪಾಠ ಹೇಳುವವರಿಗೆ ಇದನ್ನು ತ್ಯಾಗದ ದೃಷ್ಟಾಂತವೆಂದುಬಿಡುವ ಆಸೆ ಸಹಜ. ನಾನೂ ಹಾಗೆ ಹೇಳಿದ್ದುಂಟು. ಸತ್ತವೂ ಉಳಿದವೂ ಒಂದೇ ವಂಶದವಾದರೆ ಆ ಮಾತು ಒಪ್ಪೀತು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯನವರೂ ಅವರ ಸಂಗಡಿಗರೂ ಮುದುಮಲೆ ಕಾಡಿನಿಂದ ತಂದ ಮಾದರಿಗಳನ್ನು ಪರೀಕ್ಷಿಸಿ, ಒಂದೇ ಗುಂಪಿನಲ್ಲಿ ಬೇರೆಬೇರೆ ವಂಶದ ಕಣಗಳೂ ಬೆರೆತಿರುವುದನ್ನು ಕಂಡರು. ಹಾಗಾದರೆ ಸಾಯುವವು ಮನವೊಪ್ಪಿ ಸಾಯುವುವೇ? ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಉಂಡ ಕಣಗಳನ್ನೂ ಅರೆಹೊಟ್ಟೆಯವನ್ನೂ ಬೆರೆಸಿದಾಗ, ಉಂಡವು ಹೆಚ್ಚಾಗಿ ಬೀಜಾಣುಗಳಾದುವು. ಕಾಂಡವಾಗಿ ಸತ್ತವು ಹೆಚ್ಚಾಗಿ ಅರೆಹೊಟ್ಟೆಯವೇ.