ಚೆನ್ನಾಗಿ ನೋಡಿಕೊಂಡ ವಿಮಾನ ಮಾರಾಟಕ್ಕಿದೆ

ಪ್ರಶ್ನೆ: ನಾನು ವಾರಾಣಸಿಯಲ್ಲಿ ನೆಲೆಸಿರುವ ಕನ್ನಡಿಗ. ಬಾಬತ್‌ಪುರ ವಿಮಾನ ನಿಲ್ದಾಣದಲ್ಲಿ ಒಮ್ಮೆ ನಾಲ್ಕು ಸೀಟಿನ ಪುಟ್ಟ ವಿಮಾನವೊಂದು ನಿಂತಿದ್ದನ್ನು ಕಂಡೆ. ಇಂಥವನ್ನು ಹಳೆಯ ಕಾರಿನಂತೆ ಮಾರುವುದುಂಟೆ? ‘ಚೆನ್ನಾಗಿ ನೋಡಿಕೊಂಡಿದ್ದೇವೆ’ ಎಂದು ಮಾರುವವರು ಹೇಳಿದರೆ ನಂಬುವುದು ಹೇಗೆ?

ಉತ್ತರ: ಧಾರಾಳವಾಗಿ ಮಾರುತ್ತಾರೆ. ನಂಬುವ ವಿಷಯ ಮಾತ್ರ ಬೇರೆ. ಈ ವ್ಯವಹಾರದಲ್ಲಿ ಬಾಯಿಮಾತಿಗೆ ಕಾಸಿನ ಬೆಲೆಯಿಲ್ಲ. ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ವಿಮಾನ ಕೊಳ್ಳುವವರು ಮೊದಲು ಲಾಗ್‌ಬುಕ್ ನೋಡುತ್ತಾರೆ. ಬಣ್ಣ, ಸೀಟು, ಗಾಜು ಎಲ್ಲ ಆಮೇಲೆ.

ವಿಮಾನದ ವಯಸ್ಸನ್ನು ವರ್ಷದ ಲೆಕ್ಕದಲ್ಲಿ ಅಳೆದರೆ ಎಡವುತ್ತೀರಿ. ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನವನ್ನೇ ತೆಗೆದುಕೊಳ್ಳಿ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. 1986ರಿಂದ ಸುಮಾರು ಹತ್ತು ವರ್ಷ ಕಂಪನಿ ಇದರ ತಯಾರಿಕೆಯನ್ನೇ ನಿಲ್ಲಿಸಿತ್ತು. ಹಾಗಾಗಿ ನಲವತ್ತು, ಐವತ್ತು ವರ್ಷದ ಸೆಸ್ನಾ ಮಾರಾಟಕ್ಕೆ ಬಂದರೆ ಆ ವಲಯದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅವರು ಕೇಳುವುದು ಒಂದೇ: ಓವರ್‌ಹಾಲ್ ಆದ ಮೇಲೆ ಎಂಜಿನ್ ಎಷ್ಟು ಗಂಟೆ ಓಡಿದೆ?

ಈ ವಿಮಾನಗಳಲ್ಲಿ ಸಾಮಾನ್ಯವಾಗಿರುವ ಲೈಕಮಿಂಗ್ ಎಂಜಿನ್‌ಗಳಲ್ಲಿ ಹಲವಕ್ಕೆ ಕಂಪನಿ ಹೇಳುವ ಗಡುವು 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಅಷ್ಟರೊಳಗೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಬೇಕು. ಇದು ಸಣ್ಣ ಖರ್ಚಲ್ಲ. ಒಂದೇ ವರ್ಷದ, ಒಂದೇ ಬಣ್ಣದ ಎರಡು ವಿಮಾನಗಳಲ್ಲಿ ಒಂದರ ಎಂಜಿನ್ 300 ಗಂಟೆ ಓಡಿದೆ, ಇನ್ನೊಂದರದು 1,900 ಗಂಟೆ ಎಂದಿಟ್ಟುಕೊಳ್ಳಿ. ಎರಡನೆಯದನ್ನು ಕೊಂಡವರು ಬೇಗನೆ ಇನ್ನೊಮ್ಮೆ ಕೈಚೀಲ ಬಿಚ್ಚಬೇಕು. ಬೆಲೆಯ ಚೌಕಾಶಿ ನಡೆಯುವುದೇ ಇಲ್ಲಿ.

ಹಾಗೆಂದು ಕಡಿಮೆ ಹಾರಿದ್ದೇ ಒಳ್ಳೆಯದು ಅಂದುಕೊಳ್ಳಬೇಡಿ. ಹೊಸಬರು ಹೆಚ್ಚು ಮೋಸಹೋಗುವುದು ಈ ಲೆಕ್ಕದಲ್ಲೇ. ‘ಹತ್ತು ವರ್ಷದಲ್ಲಿ ಬರೀ ನೂರು ಗಂಟೆ ಹಾರಿದೆ, ಹ್ಯಾಂಗರ್‌ನಿಂದ ಆಚೆ ಬಂದಿದ್ದೇ ಅಪರೂಪ’ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಅನುಭವಿ ಎಂಜಿನಿಯರ್ ಅದನ್ನು ಕೇಳಿದೊಡನೆ ಎಚ್ಚರವಾಗುತ್ತಾನೆ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ನ ಮೇಲುಗಡೆ. ತಿಂಗಳುಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆಯ ಪದರ ಕೆಳಗಿಳಿದುಹೋಗುತ್ತದೆ, ತೇವ ಸೇರಿ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ಆ ತುಕ್ಕಿನ ಜಾಗವೇ ಸವೆಯುತ್ತದೆ. ಗಂಗೆಯ ಬಯಲಿನ ಮಳೆಗಾಲವನ್ನು ನೀವೇ ಕಂಡಿದ್ದೀರಿ. ಅಲ್ಲಿ ಸುಮ್ಮನೆ ನಿಂತ ಎಂಜಿನ್‌ಗಿಂತ ವಾರಕ್ಕೊಮ್ಮೆ ಹಾರಿದ ಎಂಜಿನ್ ಎಷ್ಟೋ ವಾಸಿ. ನಿಂತಲ್ಲೇ ಹಾಳಾಗುವುದು ಎಂಜಿನ್ ಮಾತ್ರವಲ್ಲ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ, ಮುಂದೆ ನಮ್ಮ ಫ್ಲೈಯಿಂಗ್ ಕ್ಲಬ್‌ಗಳಲ್ಲೆಲ್ಲ ಕಾಣಿಸಿಕೊಂಡ ‘ಪುಷ್ಪಕ್’ಗೆ ಬಟ್ಟೆಯ ಹೊದಿಕೆಯಿತ್ತು. ಅಂಥ ವಿಮಾನ ಹಾರದೆ ನಿಂತಿದ್ದರೂ ಬಿಸಿಲಿಗೆ ಬಟ್ಟೆ ಸೊರಗುತ್ತದೆ.

ಆದ್ದರಿಂದ ಕೊಳ್ಳುವವರು ತಮ್ಮದೇ ಎಎಂಇಯನ್ನು, ಅಂದರೆ ಪರವಾನಗಿ ಇರುವ ವಿಮಾನ ನಿರ್ವಹಣಾ ಎಂಜಿನಿಯರನ್ನು, ಕರೆದೊಯ್ಯಬೇಕು. ಮಾರುವವರ ಎಂಜಿನಿಯರ್ ಎಷ್ಟೇ ಸಜ್ಜನರಾಗಿರಲಿ, ಬೇಡ. ಅವರು ಪ್ರತಿ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಎಷ್ಟು ನಿಲ್ಲುತ್ತದೆ ನೋಡುತ್ತಾರೆ. 70ರ ಮೇಲೆ ನಿಂತರೆ ಸಮಾಧಾನ. 60ರ ಕೆಳಗೆ ಹೋದರೆ ಸಿಲಿಂಡರ್ ಬಿಚ್ಚುವ ಮಾತು ಬರುತ್ತದೆ. ಎಣ್ಣೆಯ ಫಿಲ್ಟರನ್ನು ಸೀಳಿ ಲೋಹದ ಚೂರು ಹುಡುಕುತ್ತಾರೆ. ವಿಮಾನದ ಒಡಲು, ಎಂಜಿನ್, ಪ್ರೊಪೆಲ್ಲರ್‌ಗಳ ಲಾಗ್‌ಬುಕ್‌ಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಯಾವ ದೋಷ ಯಾವಾಗ ಬಂತು, ಯಾರು ಸರಿಪಡಿಸಿದರು, ಯಾರ ಸಹಿ ಇದೆ ಎಂಬುದೆಲ್ಲ ಅಲ್ಲಿರಬೇಕು. ನಡುವೆ ಎರಡು ವರ್ಷದ ಪುಟಗಳು ಕಾಣೆಯಾಗಿದ್ದರೆ ವಿಮಾನ ಎಷ್ಟೇ ಹೊಳೆಯಲಿ, ಬೆಲೆ ಕುಸಿಯುತ್ತದೆ.

ನಮ್ಮವರಿಗೆ ಚೆನ್ನಾಗಿ ನೆನಪಿರುವ ಉದಾಹರಣೆ ಪುಟ್ಟ ವಿಮಾನದ್ದಲ್ಲ, ವಿಜಯ್ ಮಲ್ಯ ಅವರ ಖಾಸಗಿ ಏರ್‌ಬಸ್ ಎ319ರದು. ತೆರಿಗೆ ಬಾಕಿಗಾಗಿ ಜಪ್ತಿಯಾಗಿ ಮುಂಬೈ ನಿಲ್ದಾಣದಲ್ಲಿ ವರ್ಷಗಟ್ಟಲೆ ನಿಂತಿತ್ತು. 2016ರ ಹರಾಜಿನಲ್ಲಿ 152 ಕೋಟಿ ರೂಪಾಯಿ ಮೂಲಬೆಲೆ ಇಟ್ಟರೆ ಬಂದ ಕೂಗು 1.09 ಕೋಟಿ. ಕೊನೆಗೆ 2018ರಲ್ಲಿ ಅಮೆರಿಕದ ಕಂಪನಿಯೊಂದು 34.8 ಕೋಟಿಗೆ ಹಿಡಿಯಿತು. ಒಳಗಿನ ವೈಭವಕ್ಕೆ ಯಾರೂ ದುಡ್ಡು ಕೊಡಲಿಲ್ಲ ಎಂದೇ ನನ್ನ ಅನಿಸಿಕೆ.

ಕಾಗದಪತ್ರದ ಕೆಲಸ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ, ಅಂದರೆ ಡಿಜಿಸಿಎಯಲ್ಲಿ. ವಿಟಿ ಎಂದು ಆರಂಭವಾಗುವ ನೋಂದಣಿ ಹೊಸ ಮಾಲೀಕರ ಹೆಸರಿಗೆ ಬದಲಾಗಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು, ವರ್ಷಕ್ಕೊಮ್ಮೆ ನವೀಕರಿಸುವ ಎಆರ್‌ಸಿ, ಅಂದರೆ ಹಾರಾಟ ಯೋಗ್ಯತೆಯ ಪರಿಶೀಲನಾ ಪತ್ರ, ಚಾಲ್ತಿಯಲ್ಲಿರಬೇಕು.

ವಾರಾಣಸಿಯಲ್ಲೇ ಇಟ್ಟುಕೊಳ್ಳುವ ಆಸೆಯಿದ್ದರೆ ಮೊದಲು ಇಂಧನ ವಿಚಾರಿಸಿ. ಜೆಟ್‌ಗಳಿಗೆ ಹಾಕುವ ಎಟಿಎಫ್ ಈ ಪೆಟ್ರೋಲ್ ಎಂಜಿನ್‌ಗಳಿಗೆ ಆಗದು, ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲ್ ಬೇಕು. ಅದನ್ನು ಹೊರದೇಶದಿಂದ ತರಿಸುತ್ತಿದ್ದೆವು. 2022ರಲ್ಲಷ್ಟೇ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಇನ್ನು ಡಿಸೆಂಬರ್, ಜನವರಿಯ ಮಂಜು. ಕಣ್ಣಳತೆಯಲ್ಲಿ ಹಾರುವ ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಿಸಬೇಕು. ಕಾಶಿಯ ಎಷ್ಟೋ ಬೆಳಗಿನಲ್ಲಿ ಘಾಟಿನಿಂದ ಎದುರು ದಡವೇ ಕಾಣುವುದಿಲ್ಲ.

ಕೊಳ್ಳಲು ಪೈಲಟ್ ಲೈಸೆನ್ಸ್ ಬೇಕಿಲ್ಲ. ಹಾರಿಸಲು 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆಯ ಹಾರಾಟದ ತರಬೇತಿ ಆಗಿರಬೇಕು. ಖಾಸಗಿ ಎಂದು ನೋಂದಾಯಿಸಿದ ವಿಮಾನದಲ್ಲಿ ದುಡ್ಡು ಪಡೆದು ಯಾತ್ರಿಕರನ್ನು ಪ್ರಯಾಗಕ್ಕೆ ಕರೆದೊಯ್ದು ಖರ್ಚು ಹುಟ್ಟಿಸಿಕೊಳ್ಳುವ ಯೋಚನೆಯಿದ್ದರೆ ಬಿಡಿ, ಅದಕ್ಕೆ ಡಿಜಿಸಿಎಯ ಬೇರೆಯದೇ ಪರವಾನಗಿ ಬೇಕು.